ಸಿದ್ಧ ಲೈಬ್ರರಿಗಳು ಮತ್ತು ಕನ್ನಡ ಪಠ್ಯ ಸಂಸ್ಕರಣೆ: ‘ಶಿವಮೊಗ್ಗ’, ‘ಭದ್ರಾವತಿ’ ಪದಗಳ ನೆಲೆಯಲ್ಲಿ ಒಂದು ವಿವೇಚನೆ

ಸಾಹಿತ್ಯ ಸಂಶೋಧನೆಯಲ್ಲಿ ಗಣಕಯಂತ್ರದ ಬಳಕೆ ಕೇವಲ ಬೆರಳಚ್ಚಿಗೆ ಸೀಮಿತವಾಗಿದ್ದ ಕಾಲ ಹಿಂದೆ ಸರಿದಿದೆ. ಪದಗಳ ಆವರ್ತನವನ್ನು ಎಣಿಸುವುದು, ಪದಸೂಚಿ ಸಿದ್ಧಪಡಿಸುವುದು, ಪದ್ಯದ ಅಕ್ಷರಗಳನ್ನು ಲೆಕ್ಕಹಾಕುವುದು ಮುಂತಾದ ನಿತ್ಯದ ಕೆಲಸಗಳಿಗೆ ಚಿಕ್ಕ ಕ್ರಮವಿಧಿಗಳನ್ನು ಬರೆದುಕೊಳ್ಳುವ ಸಂಶೋಧಕರು ಇಂದು ಇದ್ದಾರೆ. ಇಂತಹ ಕ್ರಮವಿಧಿಯ ಪ್ರತಿಯೊಂದು ಹೆಜ್ಜೆಯನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ. ಬೇರೆಯವರು ಬರೆದು, ಪರೀಕ್ಷಿಸಿ, ಎಲ್ಲರ ಉಪಯೋಗಕ್ಕೆ ಇಟ್ಟಿರುವ ಸಿದ್ಧ ಸಂಕೇತಗಳ ಸಂಗ್ರಹವನ್ನು ‘ಲೈಬ್ರರಿ’ ಎನ್ನುತ್ತಾರೆ. ನಿಘಂಟನ್ನು ಬಳಸುವವರು ಅದನ್ನು ತಾವೇ ರಚಿಸುವುದಿಲ್ಲವಷ್ಟೆ. ಆದರೆ ಕಿಟೆಲ್ ನಿಘಂಟನ್ನು (1894) ತೆರೆಯುವವರು ಅದರ ಅಕ್ಷರಕ್ರಮವನ್ನೂ ಸಂಕ್ಷೇಪಗಳನ್ನೂ ಮೊದಲು ಅರಿತುಕೊಳ್ಳುತ್ತಾರೆ. ಲೈಬ್ರರಿಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯವೆಂಬುದನ್ನು ಎರಡು ಊರ ಹೆಸರುಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕುವೆಂಪು ವಿಶ್ವವಿದ್ಯಾಲಯದ (ಸ್ಥಾಪನೆ 1987) ಆವರಣವಿರುವ ಶಂಕರಘಟ್ಟ ಭದ್ರಾವತಿ ತಾಲ್ಲೂಕಿಗೆ ಸೇರಿದೆ. ಜಿಲ್ಲಾ ಕೇಂದ್ರ ಶಿವಮೊಗ್ಗ. ಈ ಭಾಗದ ಸ್ಥಳೀಯ ಅಧ್ಯಯನಗಳಲ್ಲಿ ಈ ಎರಡು ಹೆಸರುಗಳು ಮತ್ತೆ ಮತ್ತೆ ಬರುವುದು ಸಹಜ.

1. ಹುಡುಕಾಟ

ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ 128 ಸ್ಥಾನಗಳು ಮೀಸಲಾಗಿವೆ. ಇಲ್ಲಿ ಸ್ವರಚಿಹ್ನೆಗೂ ವಿರಾಮಚಿಹ್ನೆಗೂ, ಅಂದರೆ ವ್ಯಂಜನದ ಅಕಾರವನ್ನು ನೀಗಿಸುವ ಗುರುತಿಗೂ, ಪ್ರತ್ಯೇಕ ಸ್ಥಾನವಿದೆ. ಆದುದರಿಂದ ‘ಶಿವಮೊಗ್ಗ’ ಎಂಬ ಪದ ಯಂತ್ರಕ್ಕೆ 8 ಘಟಕಗಳ ಸಾಲು; ‘ಭದ್ರಾವತಿ’ಯೂ 8 ಘಟಕಗಳ ಸಾಲೇ. ಆದರೆ ಇವೆರಡರ ನಡುವೆ ಒಂದು ವ್ಯತ್ಯಾಸವುಂಟು. ‘ಮೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಘಟಕವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮುಂದೊಂದಿಟ್ಟು ಎರಡು ಘಟಕಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡರ ರೂಪವೂ ಒಂದೇ. ಹಳೆಯ ಅಕ್ಷರವಿನ್ಯಾಸದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಎರಡನೆಯ ರೂಪ ಉಳಿದುಬಿಡುವ ಸಂಭವವಿದೆ. ಆಗ ‘ಶಿವಮೊಗ್ಗ’ 9 ಘಟಕಗಳ ಪದವಾಗುತ್ತದೆ, ಘಟಕಗಳನ್ನು ಹೋಲಿಸಿ ನೋಡುವ ಸರಳ ಹುಡುಕಾಟಕ್ಕೆ ಸಿಗುವುದಿಲ್ಲ. ‘ಭದ್ರಾವತಿ’ಗೆ ಈ ತೊಡಕಿಲ್ಲ. ಎರಡು ಊರುಗಳ ಉಲ್ಲೇಖಗಳನ್ನು ಎಣಿಸಿ ಹೋಲಿಸುವ ಸಂಶೋಧಕನು ಇದನ್ನು ಗಮನಿಸದಿದ್ದರೆ, ಭದ್ರಾವತಿಯ ಪ್ರಸ್ತಾಪವೇ ಹೆಚ್ಚೆಂಬ ತಪ್ಪು ನಿರ್ಣಯಕ್ಕೆ ಬರಬಹುದು.

ಇದಕ್ಕೆ ಪರಿಹಾರವನ್ನು ನಾವು ಬರೆಯಬೇಕಾಗಿಲ್ಲ. ಪೈಥಾನ್ ಭಾಷೆಯೊಂದಿಗೇ ದೊರೆಯುವ ‘ಯೂನಿಕೋಡ್‌ಡೇಟಾ’ ಎಂಬ ಲೈಬ್ರರಿಯಲ್ಲಿ ಏಕರೂಪಗೊಳಿಸುವ ಸೌಲಭ್ಯವಿದೆ. ‘ಎನ್‌ಎಫ್‌ಸಿ’ ಎಂಬ ರೂಪವನ್ನು ಆರಿಸಿದರೆ 9 ಘಟಕಗಳ ಪದ 8 ಘಟಕಗಳಿಗೆ ಮರಳುತ್ತದೆ. ಒಂದೇ ಸಾಲಿನ ಆದೇಶದಿಂದ ಇಡೀ ದತ್ತಾಂಶವನ್ನು ಹೀಗೆ ಸರಿಪಡಿಸಿಕೊಳ್ಳಬಹುದು.

2. ಅಕಾರಾದಿ ಕ್ರಮ

ಸ್ಥಳನಾಮಗಳ ಸೂಚಿಯನ್ನು ಜೋಡಿಸುವಾಗ ಎದುರಾಗುವ ಸಮಸ್ಯೆ ಬೇರೆ ಬಗೆಯದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುತ್ತದೆ. ಯೂನಿಕೋಡ್ ಸ್ಥಾನಗಳಲ್ಲಿ ಅದು ಲಕಾರದ ಬೆನ್ನಿಗೇ ಇದೆ. ಪರಿಣಾಮವಾಗಿ, ಸ್ಥಾನಸಂಖ್ಯೆಯನ್ನು ಮಾತ್ರ ನೋಡುವ ಸಾಮಾನ್ಯ ವಿಂಗಡಣೆಯು ಭದ್ರಾವತಿ ತಾಲ್ಲೂಕಿನ ‘ಹೊಳೆಹೊನ್ನೂರು’ ಎಂಬುದನ್ನು ‘ಹೊಸನಗರ’ಕ್ಕಿಂತ ಮೊದಲು ಇಡುತ್ತದೆ. ನಿಘಂಟಿನ ಕ್ರಮದಲ್ಲಿ ಹೊಸನಗರವೇ ಮೊದಲು. 2016ರಿಂದ ಯೂನಿಕೋಡ್ ಒಕ್ಕೂಟದ ಆಶ್ರಯದಲ್ಲಿರುವ ‘ಐಸಿಯು’ ಲೈಬ್ರರಿಯಲ್ಲಿ ಭಾಷಾವಾರು ವಿಂಗಡಣೆಯ ನಿಯಮಗಳು ಅಡಕವಾಗಿವೆ. ಅದರಲ್ಲಿ ಕನ್ನಡವನ್ನು ಆರಿಸಿಕೊಂಡರೆ ಳಕಾರ ತನ್ನ ಸ್ಥಾನಕ್ಕೆ ಬರುತ್ತದೆ.

3. ಅಕ್ಷರ ಗಣನೆ

ಮೇಲಿನ ಎರಡೂ ಸಂದರ್ಭಗಳಲ್ಲಿ ಲೈಬ್ರರಿಯು ನಮ್ಮ ಅಪೇಕ್ಷೆಯನ್ನು ಪೂರೈಸುತ್ತದೆ. ಛಂದಸ್ಸಿನಲ್ಲಿ ಹಾಗಾಗುವುದಿಲ್ಲ. ಶಿ-ವ-ಮೊ-ಗ್ಗ, ಭ-ದ್ರಾ-ವ-ತಿ: ಎರಡರಲ್ಲಿಯೂ ನಾಲ್ಕು ಅಕ್ಷರಗಳೆಂಬುದು ಶಾಲಾಬಾಲಕರಿಗೂ ತಿಳಿದ ಸಂಗತಿ. ಓದುಗರು ಒಂದೆಂದು ಗ್ರಹಿಸುವ ಘಟಕಗಳನ್ನು ಬೇರ್ಪಡಿಸುವ ಯೂನಿಕೋಡ್ ನಿಯಮವು ವಿರಾಮಚಿಹ್ನೆಯ ಅನಂತರ ಪದವನ್ನು ಒಡೆಯುತ್ತಿತ್ತು. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಹೊಸ ನಿಯಮ ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಆವೃತ್ತಿಯನ್ನೋ ಅದಕ್ಕಿಂತ ಹಿಂದಿನದನ್ನೋ ಅನುಸರಿಸುವ ಲೈಬ್ರರಿಯು ಈ ಎರಡು ಪದಗಳಿಗೂ ಐದೆಂಬ ಉತ್ತರವನ್ನೇ ನೀಡುತ್ತದೆ: ‘ಗ್’ ಮತ್ತು ‘ಗ’, ‘ದ್’ ಮತ್ತು ‘ರಾ’ ಬೇರೆ ಬೇರೆಯಾಗುತ್ತವೆ. ಉತ್ಪಲಮಾಲೆಯ ಪಾದವೊಂದರಲ್ಲಿ 20 ಅಕ್ಷರಗಳಿರಬೇಕು. ಆ ಪಾದದಲ್ಲಿ ನಾಲ್ಕು ಒತ್ತಕ್ಷರಗಳಿದ್ದರೆ ಈ ಎಣಿಕೆ 24ಕ್ಕೆ ಏರಿ, ಶುದ್ಧವಾದ ಪದ್ಯವೂ ದೋಷಯುಕ್ತವೆಂದು ತೋರುತ್ತದೆ.

ಸಂಯುಕ್ತಾಕ್ಷರದ ನಿಯಮ ಸೇರಿದರೂ ಹಳಗನ್ನಡದ ಸಮಸ್ಯೆ ಪೂರ್ಣವಾಗಿ ಪರಿಹಾರವಾಗುವುದಿಲ್ಲ. ‘ಅವಳ್’ ಎಂಬಲ್ಲಿ ಲೈಬ್ರರಿಗೆ ಕಾಣುವುದು ಮೂರು ಘಟಕಗಳು. ಮುಂದೆ ಸ್ವರ ಬಾರದಿದ್ದರೆ ಕೊನೆಯ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರುವಾಗಿಸುವುದರಿಂದ ಛಂದಸ್ಸಿಗೆ ಅದು ಎರಡೇ ಅಕ್ಷರ. ಈ ನಿಯಮ ಕನ್ನಡ ಛಂದಶ್ಶಾಸ್ತ್ರದ್ದು. ಅದನ್ನು ಕ್ರಮವಿಧಿಗೆ ಸೇರಿಸಬೇಕಾದವರು ಶಾಸ್ತ್ರವನ್ನು ಓದಿದವರೇ.

4. ಸಮಾರೋಪ

ಒಟ್ಟಿನಲ್ಲಿ, ಲಿಪಿಯ ಸಾಮಾನ್ಯ ವ್ಯವಹಾರಗಳಿಗೆ ಸಿದ್ಧ ಲೈಬ್ರರಿಯನ್ನು ಅವಲಂಬಿಸುವುದು ಯುಕ್ತ. ಅವನ್ನೇ ಮತ್ತೆ ಬರೆಯುವುದು ಶ್ರಮದ ಅಪವ್ಯಯ. ವ್ಯಾಕರಣ, ಛಂದಸ್ಸುಗಳ ಪ್ರಶ್ನೆ ಬಂದಾಗ ಅದರ ಉತ್ತರವನ್ನು ಪರೀಕ್ಷಿಸಿಯೇ ಸ್ವೀಕರಿಸಬೇಕು. ಕೈಯಿಂದ ಎಣಿಸಿ ಉತ್ತರ ತಿಳಿದಿರುವ ಹತ್ತಾರು ಪದಗಳನ್ನು ಮೊದಲು ಕೊಟ್ಟು ನೋಡುವುದು ಸುಲಭವಾದ ಕ್ರಮ. ಗ್ರಂಥದ ಆವೃತ್ತಿಯನ್ನು ನಮೂದಿಸುವಂತೆ, ಬಳಸಿದ ಲೈಬ್ರರಿಯ ಹೆಸರು ಮತ್ತು ಆವೃತ್ತಿಯನ್ನು ಪ್ರಬಂಧದ ಅಧ್ಯಯನ ವಿಧಾನದ ಭಾಗದಲ್ಲಿ ನಮೂದಿಸಿದರೆ ಫಲಿತಾಂಶವನ್ನು ಬೇರೆಯವರೂ ಪರಿಶೀಲಿಸಬಹುದು. ಕನ್ನಡಕ್ಕೆ ಅನ್ವಯಿಸದ ನಿಯಮಗಳು ಕಂಡುಬಂದಾಗ ಅವನ್ನು ಉದಾಹರಣೆಗಳೊಂದಿಗೆ ದಾಖಲಿಸಿ ಯೂನಿಕೋಡ್ ಒಕ್ಕೂಟದ ಗಮನಕ್ಕೆ ತರುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕಾರ್ಯ. ತಂತ್ರಜ್ಞರಿಗೆ ಅಗತ್ಯವಾದ ಭಾಷಾಜ್ಞಾನವನ್ನು ಒದಗಿಸುವ ಹೊಣೆ ಈ ವಿಭಾಗಗಳದು.