ಮಗುವಿಗೆ ನರರೋಗ ತಜ್ಞರನ್ನು ಆರಿಸುವಾಗ

‘ಡಾಕ್ಟ್ರೇ, ಮಗೂಗೆ ಫಿಟ್ಸ್ ಬಂತು. ಮೈಸೂರು ಸಾಕಾ, ಬೆಂಗಳೂರಿಗೇ ಹೋಗ್ಬೇಕಾ?’ ಹುಣಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬರುವವರೂ ಇದನ್ನೇ ಕೇಳುತ್ತಾರೆ. ಆದರೆ ಎಲ್ಲಿಗೆ ಎನ್ನುವುದಕ್ಕಿಂತ ಎಷ್ಟು ಬೇಗ ಎನ್ನುವುದನ್ನು ಮೊದಲು ತಿಳಿಯಬೇಕು.

ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಜೊತೆಯಲ್ಲಿ ಫಿಟ್ಸ್ ಬರುವುದುಂಟು. ಮೈ ಅದುರಿ, ಕೆಲವೇ ನಿಮಿಷಗಳಲ್ಲಿ ನಿಂತು, ಮಗು ಮೊದಲಿನಂತಾದರೆ ಅದೇ ದಿನ ಹತ್ತಿರದ ವೈದ್ಯರಿಗೆ ತೋರಿಸಿ ಜ್ವರದ ಕಾರಣವನ್ನು ಪತ್ತೆ ಮಾಡಿಸಿ. ಸ್ಕ್ಯಾನ್ ಆಗಲಿ, ವರ್ಷಗಟ್ಟಲೆ ಔಷಧಿಯಾಗಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಫಿಟ್ಸ್ ಐದು ನಿಮಿಷವಾದರೂ ನಿಲ್ಲದಿದ್ದರೆ, ನಿಂತ ಮೇಲೂ ಮಗು ಮಂಕಾಗಿಯೇ ಇದ್ದರೆ ತಜ್ಞರನ್ನು ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ಸಮೀಪದ ಆಸ್ಪತ್ರೆಗೆ ಧಾವಿಸಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ಇನ್ನೂ ಇದೆ. ನಿಲ್ಲುವ ಹೊತ್ತಿಗೆ ಅದು ತಾನಾಗಿಯೇ ನಿಂತಿರುತ್ತದೆ, ಹೆಸರು ಕಬ್ಬಿಣಕ್ಕೆ!

ಜ್ವರವಿಲ್ಲದೆ ಫಿಟ್ಸ್ ಬಂದರೆ, ದೇಹದ ಒಂದೇ ಪಕ್ಕ ಅದುರಿದರೆ, ಕಲಿತ ಮಾತು ನಡಿಗೆ ಮರೆಯತೊಡಗಿದರೆ ಮಕ್ಕಳ ನರರೋಗ ತಜ್ಞರನ್ನು ಕಾಣಲೇಬೇಕು. ಇದಕ್ಕೂ ತುರ್ತಾದದ್ದು ಇನ್ನೊಂದಿದೆ. ಹೆಚ್ಚಾಗಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಬರುವ ಇದು ನೋಡಲು ಫಿಟ್ಸ್‌ನಂತೆ ಕಾಣುವುದೇ ಇಲ್ಲ. ನಿದ್ದೆಯಿಂದ ಎದ್ದ ಮಗು ತಟ್ಟನೆ ತಲೆ ಬಗ್ಗಿಸಿ, ಕೈಗಳನ್ನು ಚಾಚಿ, ಸಲಾಂ ಹೊಡೆದಂತೆ ಮಾಡುತ್ತದೆ. ಕೆಲವು ಸೆಕೆಂಡ್ ಬಿಟ್ಟು ಮತ್ತೊಮ್ಮೆ, ಮಗದೊಮ್ಮೆ. 1841ರಲ್ಲಿ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ಮೊದಲು ವಿವರಿಸಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಅವರು ಬರೆದದ್ದು ತಮ್ಮ ಸ್ವಂತ ಮಗನ ಬಗ್ಗೆ.

ನಾನು ಪ್ರಾಕ್ಟೀಸ್ ಆರಂಭಿಸಿದ ಹೊಸತರಲ್ಲಿ ಏಳು ತಿಂಗಳ ಕೂಸೊಂದನ್ನು ಕರೆತಂದಿದ್ದರು. ಅಜ್ಜಿ ದೃಷ್ಟಿಯಾಗಿದೆ ಎಂದರು, ತಾಯಿ ಬೆಚ್ಚಿಬೀಳುತ್ತದೆ ಎಂದಳು, ನಾನು ಗ್ಯಾಸ್ ಎಂದೆ. ಕಡಿಮೆಯಾಗದಿದ್ದಾಗ ಹೊಗೆಸೊಪ್ಪಿನ ದುಡ್ಡು ಬಂದ ಮೇಲೆ ದೊಡ್ಡ ಡಾಕ್ಟರಿಗೆ ತೋರಿಸೋಣವೆಂದು ಅವರು ಕಾದರು. ಮೂರು ತಿಂಗಳ ನಂತರ ರೋಗ ಪತ್ತೆಯಾಗುವಷ್ಟರಲ್ಲಿ ಮಗು ನಗುವುದನ್ನು ನಿಲ್ಲಿಸಿತ್ತು. ಇಂಥ ಮಕ್ಕಳಲ್ಲಿ ಎಲ್ಲವೂ ಬೇಗ ಹೋದರೆ ಸರಿಹೋಗುತ್ತದೆ ಎನ್ನಲಾಗದು. ಮೂಲ ಕಾರಣವನ್ನೂ ಅವಲಂಬಿಸಿರುತ್ತದೆ. ಆದರೆ ತಡವಾದಷ್ಟೂ ಬುದ್ಧಿ ಬೆಳವಣಿಗೆಗೆ ನಷ್ಟ. ಆ ಹುಡುಗ ಈಗಲೂ ತಾಯಿಯ ಕೈ ಹಿಡಿದು ನನ್ನ ಬಳಿ ಬರುತ್ತಾನೆ, ಮಾತು ಬಂದಿಲ್ಲ. ಆದ್ದರಿಂದ ಇಂಥದ್ದು ಕಂಡರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಒಂದೆರಡು ದಿನದೊಳಗೇ ಹೊರಡಿ. ನನ್ನಂಥವನು ಗ್ಯಾಸ್ ಎಂದರೂ ಹೊರಡಿ.

ಇನ್ನು ಯಾರ ಬಳಿಗೆ? ‘ನ್ಯೂರೋ’ ಎಂಬ ಬೋರ್ಡು ನೋಡಿ ಒಳಹೋಗುವವರು ಬಹಳ. ಎಂ.ಸಿ.ಎಚ್. ಎಂದಿದ್ದರೆ ಅವರು ನರಶಸ್ತ್ರಚಿಕಿತ್ಸಕರು. ಆಪರೇಷನ್ ಬೇಕಾದಾಗ ಅವರು. ಫಿಟ್ಸ್‌ಗೆ ಬೇಕಾದವರು ನ್ಯೂರಾಲಜಿಯಲ್ಲಿ ಡಿ.ಎಂ. ಮಾಡಿದವರು, ಅದರಲ್ಲೂ ಮಕ್ಕಳ ವೈದ್ಯಶಾಸ್ತ್ರ ಓದಿ ಆಮೇಲೆ ನರರೋಗದಲ್ಲಿ ತರಬೇತಿ ಪಡೆದವರು. ಅಂಥವರು ಕಡಿಮೆ. ಸಿಗದಿದ್ದರೆ ಮೈಸೂರಿನ ಚೆಲುವಾಂಬ ಅಥವಾ ಜೆ.ಎಸ್.ಎಸ್. ಆಸ್ಪತ್ರೆಯ ಮಕ್ಕಳ ತಜ್ಞರಿಂದ ಆರಂಭಿಸಿ. ಮುಂದೆ ಎಲ್ಲಿಗೆ ಎಂದು ಅವರು ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ನಿಮ್ಹಾನ್ಸ್ ಎಂದೊಡನೆ ‘ನಮ್ಮ ಮಗೂಗೆ ಹುಚ್ಚಾ?’ ಎಂದು ಅಳುವ ತಾಯಂದಿರಿದ್ದಾರೆ. ಹಳೆಯ ಮಾನಸಿಕ ಆಸ್ಪತ್ರೆಯನ್ನು ಸೇರಿಸಿಕೊಂಡು 1974ರಲ್ಲಿ ಆದ ಸಂಸ್ಥೆ ಎಂಬುದು ನಿಜ, ಆದರೆ ನರರೋಗಕ್ಕೂ ಅದು ದೇಶದಲ್ಲೇ ದೊಡ್ಡ ಆಸ್ಪತ್ರೆ. ಮಾತು ತಡವಾಗಿದೆ ಎನ್ನುವುದೊಂದೇ ದೂರಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಡಿಗ್ರಿಯಷ್ಟೇ ಸಾಲದು. ಒಳ್ಳೆಯ ತಜ್ಞರು ಮೊದಲ ಭೇಟಿಯಲ್ಲಿ ತಾಯಿಯ ಮಾತನ್ನೇ ಹೆಚ್ಚು ಕೇಳುತ್ತಾರೆ: ಹುಟ್ಟಿದಾಗ ಅತ್ತಿತೇ, ಕುತ್ತಿಗೆ ಯಾವಾಗ ನಿಂತಿತು, ಫಿಟ್ಸ್ ಎಲ್ಲಿಂದ ಶುರುವಾಯಿತು ಎಂದು. ಟೇಪು ಹಿಡಿದು ತಲೆಯ ಸುತ್ತಳತೆ ನೋಡುತ್ತಾರೆ. ಇ.ಇ.ಜಿ. ಸರಿಯಿದ್ದ ಮಾತ್ರಕ್ಕೆ ಫಿಟ್ಸ್ ಇಲ್ಲ ಎನ್ನುವುದಿಲ್ಲ. ಮಗುವನ್ನು ಮುಟ್ಟದೆ, ಮೊದಲ ದಿನವೇ ಮೂರು ನಾಲ್ಕು ಬಗೆಯ ಔಷಧಿ ಬರೆದರೆ ‘ಇದು ಯಾವ ಬಗೆಯ ಫಿಟ್ಸ್, ಇಷ್ಟೂ ಏಕೆ ಬೇಕು’ ಎಂದು ಕೇಳುವ ಹಕ್ಕು ನಿಮಗಿದೆ. ಸಿಟ್ಟಾದರೆ ಬೇರೆಯವರನ್ನು ನೋಡಿಕೊಳ್ಳಿ.

ದಾರಿಯ ಲೆಕ್ಕವನ್ನೂ ಹಾಕಿ. ಔಷಧಿ ಶುರುವಾದರೆ, ಫಿಟ್ಸ್ ಪೂರ್ತಿ ನಿಂತು ಸುಮಾರು ಎರಡು ವರ್ಷವಾಗುವ ತನಕ ಮುಂದುವರಿಸುವುದು ವಾಡಿಕೆ. ಮಗು ತೂಕ ಹೆಚ್ಚಿದಂತೆ ಡೋಸ್ ಬದಲಾಗಬೇಕು. ಪಿರಿಯಾಪಟ್ಟಣದ ಕೂಲಿಯವರು ಅಷ್ಟು ಕಾಲ ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡಲು ಆದೀತೇ? ಬೆಂಗಳೂರಿನಲ್ಲಿ ಒಮ್ಮೆ ರೋಗ ಪತ್ತೆ ಮಾಡಿಸಿ, ಮುಂದಿನದನ್ನು ಮೈಸೂರಿನಲ್ಲಿ ನೋಡಿಸಿಕೊಳ್ಳುವುದು ಎಷ್ಟೋ ಮೇಲು. ನಿಮ್ಮೂರಿನ ವೈದ್ಯರಿಗೆ ಎರಡು ಸಾಲು ಕಾಗದ ಬರೆದುಕೊಡುವ ತಜ್ಞರನ್ನು ಬಿಡಬೇಡಿ. ಬರೆದ ಔಷಧಿ ಊರಿನ ಅಂಗಡಿಯಲ್ಲಿ ಸಿಗುವುದೇ ಎಂದು ಅಲ್ಲೇ ವಿಚಾರಿಸಿ. ಮುಗಿಯಿತೆಂದು ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರುವ ಅಪಾಯವಿದೆ. ಅದೇ ಔಷಧಿಯ ಸಿರಪ್ ಕಂಪೆನಿ ಬದಲಾದರೆ ಶಕ್ತಿಯೂ ಬದಲಾಗಬಹುದು. ಹಳೆ ಬಾಟಲಿ ತೋರಿಸಿ ಹೊಸದನ್ನು ತನ್ನಿ.

ಹೋಗುವಾಗ ಹಳೆಯ ಚೀಟಿಗಳು, ಸ್ಕ್ಯಾನ್ ಫಿಲ್ಮ್, ಫಿಟ್ಸ್ ಬಂದ ತಾರೀಖುಗಳ ಪಟ್ಟಿ ಒಯ್ಯಿರಿ. ಮಗುವನ್ನು ದಿನವೂ ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯೇ ಹೋಗಲಿ. ಇ.ಇ.ಜಿ. ದಿನ ತಲೆಗೆ ಎಣ್ಣೆ ಹಚ್ಚಬೇಡಿ. ಹಿಂದಿನ ದಿನ ತಲೆ ತೊಳೆದಿರಲಿ. ಬೇಗ ಹೊರಡುವ ಆತುರದಲ್ಲಿ ಬೆಳಗಿನ ಔಷಧಿ ತಪ್ಪಿಸಬೇಡಿ.