ಆಟ ಕಟ್ಟುವವರ ಬಾಗಿಲು ತಟ್ಟುವುದು ಹೇಗೆ?

ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೊರಟರೆ ಸಿಗುವ ಬದನವಾಳು ದೊಡ್ಡ ಊರೇನಲ್ಲ. ಆದರೆ ನಾಡಿನ ನೆನಪಿನಲ್ಲಿ ಅದರ ಹೆಸರು ಹಲವು ಬಾರಿ ದಾಖಲಾಗಿದೆ. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಇಲ್ಲಿಯದು. 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾದದ್ದೂ ಇಲ್ಲಿಯೇ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಕಸುಬು ಮತ್ತು ಸುಸ್ಥಿರ ಬದುಕಿನ ಪರವಾಗಿ ಸತ್ಯಾಗ್ರಹ ಹೂಡಲು ಆರಿಸಿಕೊಂಡದ್ದೂ ಇದೇ ಊರನ್ನು.

ಇಂಥ ಊರಿನ ಒಬ್ಬ ವಿದ್ಯಾರ್ಥಿನಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಯಾವುದಾದರೂ ಇರಲಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ವಿನ್ಯಾಸ ಓದುತ್ತಿದ್ದಾಳೆ. ಕೈಯಲ್ಲಿ ಚಿತ್ರಕಲೆ ಇದೆ, ಕಂಪ್ಯೂಟರಿನಲ್ಲಿ ಬೊಂಬೆಗೆ ಜೀವ ತುಂಬುವುದು ಗೊತ್ತಿದೆ. ವಿಡಿಯೋ ಗೇಮ್ ಕಟ್ಟುವ ಕೆಲಸಕ್ಕೆ ಸೇರಬೇಕೆಂಬುದು ಆಸೆ. ಆದರೆ ಆ ಕೆಲಸ ಮಾಡುವ ಒಬ್ಬರನ್ನೂ ಅವಳು ಕಂಡಿಲ್ಲ. ನೆಂಟರಲ್ಲಿ ಮೇಷ್ಟ್ರಿದ್ದಾರೆ, ಕಂಡಕ್ಟರ್ ಇದ್ದಾರೆ, ಕಾರ್ಖಾನೆಗೆ ಹೋಗುವವರಿದ್ದಾರೆ. ಗೇಮ್ ಮಾಡುವವರು ಮಾತ್ರ ಯಾರೂ ಇಲ್ಲ. ಯಾರನ್ನು ಕೇಳುವುದು? ಏನೆಂದು ಕೇಳುವುದು?

ಹಳ್ಳಿ, ಹೋಬಳಿಗಳಿಂದ ಹೊಸ ವೃತ್ತಿಗಳತ್ತ ಹೊರಟ ಅನೇಕ ಮಕ್ಕಳನ್ನು ಕಾಡುವ ಪ್ರಶ್ನೆ ಇದು. ಪಾಠ ಕಾಲೇಜಿನಲ್ಲಿ ಸಿಗುತ್ತದೆ. ಪರಿಚಯ ಸಿಗುವುದಿಲ್ಲ.

ಮೊದಲ ಅಡ್ಡಿ ಮನೆಯಲ್ಲೇ

‘ಆಟ ಆಡೋದನ್ನ ಕಲ್ಸೋಕೂ ಒಂದು ಕಾಲೇಜಾ ಮಗಳೇ?’ ಎಂದು ಅಪ್ಪ ಕೇಳಿದರೆ ತಪ್ಪು ತಿಳಿಯಬೇಕಿಲ್ಲ. ‘ಆನ್‌ಲೈನ್ ಗೇಮ್’ ಎಂದೊಡನೆ ಅನೇಕ ಮನೆಗಳಲ್ಲಿ ನೆನಪಾಗುವುದು ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ, ಸಾಲ, ಮನೆ ಜಗಳ. ಹಣ ಪಣಕ್ಕಿಡುವ ಇಂಥ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಹಾಗೂ ಹಣದ ಪಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಗುರುತಿಸಿ ಪ್ರೋತ್ಸಾಹದ ಮಾತನ್ನೂ ಆಡಿದೆ. ಜೂಜು ಬೇರೆ, ಆಟ ಕಟ್ಟುವ ಕಸುಬು ಬೇರೆ ಎಂದು ಅಪ್ಪನಿಗೆ ತಿಳಿಸಿ ಹೇಳಲು ಮಗಳಿಗೆ ಈಗ ಒಂದು ಆಧಾರ ಸಿಕ್ಕಿದಂತಾಗಿದೆ.

ಈ ಕಸುಬು ಸಿನಿಮಾದ ಹಾಗೆ ಹಲವು ಕೈಗಳ ಕೂಟ. ಪಾತ್ರ, ಊರು, ಕಾಡುಗಳನ್ನು ಮೊದಲು ಕಾಗದದ ಮೇಲೆ ಕಲ್ಪಿಸುವವರು ಒಬ್ಬರು. ಅವಕ್ಕೆ ಮೂರು ಆಯಾಮದ ರೂಪ ಕೊಡುವವರು ಇನ್ನೊಬ್ಬರು. ಆಟಗಾರ ಎಲ್ಲಿ ನಡೆಯಬೇಕು, ಎಲ್ಲಿ ಎಡವಬೇಕು, ಎಲ್ಲಿ ಗೆಲ್ಲಬೇಕು ಎಂದು ಯೋಜಿಸುವವರು ಬೇರೆ. ಪ್ರೋಗ್ರಾಂ ಬರೆಯುವವರು, ಸದ್ದು ಕೂಡಿಸುವವರು, ಆಡಿ ಆಡಿ ತಪ್ಪು ಹುಡುಕುವವರು ಮತ್ತೂ ಬೇರೆ. ‘ಗೇಮ್ ಕಂಪೆನಿಯಲ್ಲಿ ಕೆಲಸ ಬೇಕು’ ಎಂಬುದು ‘ಸಿನಿಮಾದಲ್ಲಿ ಕೆಲಸ ಬೇಕು’ ಎಂದಷ್ಟೇ ಅಸ್ಪಷ್ಟ. ಇದರಲ್ಲಿ ತನ್ನದು ಯಾವ ಕೈ ಎಂದು ತಿಳಿಯುವುದೇ ಪರಿಚಯದ ಮೊದಲ ಮೆಟ್ಟಿಲು.

ಬೆಂಗಳೂರಿನಲ್ಲಿ ಹಾಕಿದ ಬೀಜ

ಉದ್ಯಮ ದೂರದಲ್ಲೇನೂ ಇಲ್ಲ. ಭಾರತದ ಮೊದಲ ಗೇಮ್ ಕಂಪೆನಿಗಳ ಮಾತು ಬಂದಾಗ ಮುಂದೆ ನಿಲ್ಲುವ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಸ್ಥಾಪಕರು ರಾಜೇಶ್ ರಾವ್. ಆಗ ಈ ದೇಶದಲ್ಲಿ ಸಲಹೆ ಕೇಳೋಣವೆಂದರೆ ಈ ಕಸುಬಿನ ಹಿರಿಯರೇ ಇರಲಿಲ್ಲ. ಗಿರಾಕಿಗಳೆಲ್ಲ ಸಮುದ್ರದಾಚೆ. ಫ್ರಾನ್ಸಿನ ಇನ್ಫೋಗ್ರಾಂಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸ ಮಾಡಿದ್ದು ಅದರ ಆರಂಭದ ದಿನಗಳಲ್ಲಿ. ಮುಂದೆ ‘ಫೋರ್ಜಾ’ ಸರಣಿಯಂಥ ಜಗತ್ಪ್ರಸಿದ್ಧ ಆಟಗಳ ಚಿತ್ರಕೆಲಸದಲ್ಲೂ ಬೆಂಗಳೂರಿನ ಈ ಕೈಗಳು ಸೇರಿದವು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಧ್ರುವವನ್ನು ಕೊಂಡು, ತನ್ನ ಬೆಂಗಳೂರು ಸ್ಟುಡಿಯೋದೊಂದಿಗೆ ಸೇರಿಸಿಕೊಂಡಿತು.

ಸರ್ಕಾರವೂ ಕಣ್ಣುಮುಚ್ಚಿ ಕುಳಿತಿರಲಿಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಕರ್ನಾಟಕ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ರಾಜ್ಯ. 2024ರಿಂದ 2029ರವರೆಗಿನ ಮೂರನೆಯ ನೀತಿ 30,000 ಹೊಸ ಉದ್ಯೋಗಗಳ ಗುರಿ ಹಾಕಿಕೊಂಡಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಡಿಜಿಟಲ್ ಗೇಮ್ ವಿನ್ಯಾಸದ ಸ್ನಾತಕೋತ್ತರ ವ್ಯಾಸಂಗವೂ ಇದೆ.

ಹಾಗೆಂದು ಇದು ಬರೀ ಹಾಲು ಜೇನಿನ ಹೊಳೆಯಲ್ಲ. ದೃಶ್ಯ ಪರಿಣಾಮ, ಅನಿಮೇಷನ್, ಗೇಮ್ ಕೆಲಸಗಳಿಗೆ ಹೆಸರಾಗಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರುವರಿಯಲ್ಲಿ ಕುಸಿದುಬಿದ್ದಾಗ ಬೆಂಗಳೂರಿನ ಅದರ ಕಚೇರಿಯೂ ಮುಚ್ಚಿತು. ಭಾರತದಲ್ಲಿ ಸಾವಿರಾರು ಮಂದಿ ದಿನ ಬೆಳಗಾಗುವುದರೊಳಗೆ ಕೆಲಸ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಮತ್ತದೇ ಪರಿಚಯ, ಹಿಂದೆ ಜೊತೆಗೆ ಕೂತು ಕೆಲಸ ಮಾಡಿದವರ ಒಂದು ಒಳ್ಳೆಯ ಮಾತು. ಪರಿಚಯ ಬೇಕಾಗುವುದು ಬಾಗಿಲು ತೆರೆಸಲು ಮಾತ್ರವಲ್ಲ, ಬಾಗಿಲು ಮುಚ್ಚಿದ ದಿನ ಬೀದಿಯಲ್ಲಿ ಒಂಟಿಯಾಗದಿರಲೂ ಬೇಕು.

ಪರಿಚಯ ಶಿಫಾರಸಲ್ಲ

ನಮ್ಮಲ್ಲಿ ‘ಪರಿಚಯ’ ಎಂದರೆ ಒಂದು ಬಗೆಯ ವಶೀಲಿ ಎಂದೇ ಅರ್ಥವಾಗಿಬಿಟ್ಟಿದೆ. ಅದು ಹರಿಯುವ ದಾರಿಯೂ ಹಳೆಯದೇ: ಜಾತಿ, ನೆಂಟಸ್ತನ, ಒಂದೇ ಶಾಲೆ, ಒಂದೇ ಬಡಾವಣೆ. ಆ ದಾರಿಯಿಂದ ಹೊರಗುಳಿದವರಿಗೆ ಏನು ಕಷ್ಟವೆಂದು ಬದನವಾಳಿನಂಥ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗೇಮ್ ಉದ್ಯಮ ಈ ರೋಗದಿಂದ ಪೂರಾ ಮುಕ್ತವೆಂದು ಹೇಳಲಾಗದು. ಆದರೆ ಅಲ್ಲಿ ಹೊಸಬರಿಗೆ ಅನುಕೂಲವಾದ ಒಂದು ರೂಢಿ ಇದೆ. ಮೊದಲು ಕೇಳುವುದು ‘ಏನು ಮಾಡಿದ್ದೀಯ, ತೋರಿಸು’ ಎಂದು. ಪದವಿ, ಅಂಕಪಟ್ಟಿ ಆಮೇಲೆ.

ತೋರಿಸಲು ದೊಡ್ಡ ಬಂಡವಾಳವೂ ಬೇಕಿಲ್ಲ. ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್, ಆಟ ಕಟ್ಟುವ ಗೋಡೋ ಎರಡೂ ಪೂರ್ತಿ ಉಚಿತ ತಂತ್ರಾಂಶಗಳು. ದೊಡ್ಡ ಸ್ಟುಡಿಯೋಗಳೇ ಬಳಸುವ ಯೂನಿಟಿ, ಅನ್‌ರಿಯಲ್‌ಗಳನ್ನು ಕಲಿಯುವವರು ಕಾಸು ಕೊಡದೆ ಬಳಸಬಹುದು. ಹತ್ತು ಅರೆಬರೆ ಕೆಲಸಗಳಿಗಿಂತ ಮುಗಿಸಿದ ಒಂದು ಪುಟ್ಟ ಆಟಕ್ಕೆ ಬೆಲೆ ಹೆಚ್ಚು. ಐದೇ ನಿಮಿಷದ್ದಾದರೂ ಸರಿ, ಅದಕ್ಕೆ ಶುರು ಇರಬೇಕು, ಕೊನೆ ಇರಬೇಕು, ಬೇರೆಯವರ ಮೊಬೈಲಿನಲ್ಲೂ ತೆರೆದುಕೊಳ್ಳಬೇಕು. ಮುಗಿಸುವ ಗುಣ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ಗೊತ್ತಾಗಿಬಿಡುತ್ತದೆ.

ಜೊತೆಗಾರರನ್ನು ಹುಡುಕಲು ‘ಗೇಮ್ ಜಾಮ್’ ಎಂಬ ಕೂಟಗಳಿವೆ. 2009ರಲ್ಲಿ ಆರಂಭವಾದ ‘ಗ್ಲೋಬಲ್ ಗೇಮ್ ಜಾಮ್’ ಇವುಗಳಲ್ಲಿ ಪ್ರಸಿದ್ಧವಾದುದು. ಒಂದು ವಸ್ತು ಕೊಡುತ್ತಾರೆ. ಜಗತ್ತಿನ ನಾನಾ ಊರುಗಳಲ್ಲಿ ತಂಡಗಳು ಕೂತು 48 ಗಂಟೆಗಳಲ್ಲಿ ಒಂದು ಆಟ ಕಟ್ಟಬೇಕೆಂಬುದು ಅದರ ಮೂಲ ಕ್ರಮ. ಗೆಲುವು ಮುಖ್ಯವಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಜೊತೆಗೆ ದುಡಿದವರು ಒಬ್ಬರನ್ನೊಬ್ಬರು ಮರೆಯುವುದಿಲ್ಲ. ಚಿತ್ರ ಬರೆಯಬಲ್ಲ ಹುಡುಗಿಗೆ ಪ್ರೋಗ್ರಾಂ ಬರೆಯಬಲ್ಲ ಹುಡುಗ ಸಿಗುವುದು ಇಂಥಲ್ಲೇ.

ದೊಡ್ಡ ಸಮ್ಮೇಳನಗಳ ಹುಟ್ಟೂ ಹೀಗೆಯೇ ಸಣ್ಣದು. ಇಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಾವಿರಗಟ್ಟಲೆ ಜನ ಸೇರುವ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ 1988ರಲ್ಲಿ ಮೊದಲು ನಡೆದದ್ದು ಕ್ರಿಸ್ ಕ್ರಾಫರ್ಡ್ ಎಂಬ ವಿನ್ಯಾಸಕಾರರ ಮನೆಯ ಪಡಸಾಲೆಯಲ್ಲಿ. ಬಂದಿದ್ದವರು ಮೂವತ್ತು ಜನವೂ ಇರಲಿಲ್ಲ. ಅವರಿಗೂ ಬೇಕಾಗಿದ್ದದ್ದು ಒಂದೇ: ತಮ್ಮ ಹಾಗೆ ಒಂಟಿಯಾಗಿ ಕೂತು ಕೆಲಸ ಮಾಡುತ್ತಿದ್ದವರ ಗುರುತು.

ಇನ್ನು ಕಾಗದ ಬರೆಯುವ ವಿಚಾರ. ‘ಮಾನ್ಯರೇ, ನನಗೊಂದು ಅವಕಾಶ ಕೊಡಿಸಿ’ ಎಂದು ಐವತ್ತು ಜನರಿಗೆ ಒಂದೇ ಒಕ್ಕಣೆ ಕಳಿಸಿದರೆ ಉತ್ತರ ಬರುವುದು ಅಪರೂಪ. ಒಬ್ಬರನ್ನು ಆರಿಸಿ, ಅವರು ಕೆಲಸ ಮಾಡಿದ ಆಟವನ್ನು ಆಡಿ, ಅದರಲ್ಲಿ ಕಂಡದ್ದೇನೆಂದು ಎರಡು ಸಾಲು ಬರೆದು, ತನ್ನ ಒಂದು ಕೆಲಸವನ್ನು ಜೊತೆಗಿಟ್ಟು, ಒಂದೇ ಪ್ರಶ್ನೆ ಕೇಳಬೇಕು: ‘ಈ ಪಾತ್ರದ ನಡಿಗೆ ಭಾರವಾಗಿ ಕಾಣುತ್ತಿಲ್ಲ. ಎಲ್ಲಿ ತಪ್ಪಿದ್ದೇನೆ?’ ಕೆಲಸ ಕೇಳಿದರೆ ‘ಖಾಲಿ ಇಲ್ಲ’ ಎಂದು ಮುಗಿಸಬಹುದು. ಕಸುಬಿನ ಪ್ರಶ್ನೆ ಕೇಳಿದರೆ ಕಸುಬಿನವರಿಗೆ ಸುಮ್ಮನಿರುವುದು ಕಷ್ಟ. ಉತ್ತರ ಬಂದಮೇಲೆ ತಿದ್ದಿ, ತಿದ್ದಿದ್ದನ್ನು ಮತ್ತೆ ತೋರಿಸುವವರು ಕಡಿಮೆ. ನೆನಪಿನಲ್ಲಿ ಉಳಿಯುವವರು ಅವರೇ.

ಹಿತ್ತಲ ಗಿಡ

ತೋರಿಸಲು ಹೊಸದೇನಿದೆ ಎಂದು ಮೈಸೂರು ಸೀಮೆಯ ಮಕ್ಕಳು ಚಿಂತಿಸಬೇಕಿಲ್ಲ. ಆಟದ ವಿನ್ಯಾಸವನ್ನೇ ಶಾಸ್ತ್ರದಂತೆ ಕಂಡ ಅರಸು ಇಲ್ಲಿ ಆಳಿದ್ದ. 1794ರಿಂದ 1868ರವರೆಗೆ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯ ನಡೆಗಳ ಮೇಲೆ ಒಗಟುಗಳನ್ನು ಹೆಣೆದರು, ಹೊಸ ಹಾಸುಗಳನ್ನು, ಚಿತ್ರದೆಲೆಗಳ ಆಟಗಳನ್ನು ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಮೀಸಲಾದದ್ದು ಆಟಗಳಿಗೇ. ನಮ್ಮ ಕಾಲದಲ್ಲಿ ಮೈಸೂರು ಗಂಜೀಫಾ ಕಲೆಗೆ ಮರುಜೀವ ಕೊಟ್ಟವರು ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು. ಹಳೆಯ ಹಾಸುಗಳನ್ನು ಹುಡುಕಿ, ಮತ್ತೆ ಮಾಡಿಸಿ, ಪ್ರದರ್ಶನಕ್ಕಿಟ್ಟ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಕೆಲಸವೂ ಸಣ್ಣದಲ್ಲ.

ಅರಮನೆಯೇ ಏಕೆ, ಜಗುಲಿಯ ಕಲ್ಲಿನ ಮೇಲೆ ಗೀಚಿದ ಆಡು-ಹುಲಿಯನ್ನೇ ನೋಡಿ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಹುಲಿಗೆ ಹಾರಿ ಕೊಲ್ಲುವ ಬಲ, ಆಡಿಗೆ ಸುತ್ತುವರಿದು ಕಟ್ಟಿಹಾಕುವ ಬಲ. ಎರಡು ಕಡೆಯ ಶಕ್ತಿ ಬೇರೆ ಬೇರೆಯಾದರೂ ಆಟದ ತಕ್ಕಡಿ ಒಂದೇ ಕಡೆ ವಾಲುವುದಿಲ್ಲ. ಗೇಮ್ ವಿನ್ಯಾಸದ ತರಗತಿಯಲ್ಲಿ ದಿನಗಟ್ಟಲೆ ಚರ್ಚಿಸುವ ಸಮತೋಲನದ ಪಾಠ ಇದೇ. ಅಳಗುಳಿಮನೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆಬೀಜ ಹಂಚಿದವಳಿಗೆ ಲೆಕ್ಕವೂ ಗೊತ್ತು, ಹೊಂಚುವುದೂ ಗೊತ್ತು.

ಊರಿನ ಸರಕಿಗೆ ಜಗತ್ತಿನಲ್ಲಿ ಬೆಲೆಯಿಲ್ಲವೆಂಬ ಮಾತೂ ಸುಳ್ಳಾಗಿದೆ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬವೊಂದರ ಅಡುಗೆಮನೆಯನ್ನೇ ವಸ್ತುವಾಗಿಸಿಕೊಂಡ ‘ವೆಣ್ಬಾ’ ಎಂಬ ಪುಟ್ಟ ಆಟ 2023ರಲ್ಲಿ ಹೊರಬಂತು. ಇಡ್ಲಿ ಬೇಯಿಸುವುದು ಅದರಲ್ಲಿ ಬಿಡಿಸಬೇಕಾದ ಒಂದು ಒಗಟು. ಮರುವರ್ಷ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿಗಳಲ್ಲಿ ಅದಕ್ಕೆ ಚೊಚ್ಚಲ ಆಟದ ಗೌರವ ಸಂದಿತು. ಅಮೆರಿಕದ ಎರಿಕ್ ಬರೋನ್ ಕಂಪ್ಯೂಟರ್ ಪದವಿ ಪಡೆದೂ ಕೆಲಸ ಸಿಗದೆ, ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ಒಬ್ಬರೇ ಮಾಡಿಕೊಂಡು ನಾಲ್ಕು ವರ್ಷಕ್ಕೂ ಮೀರಿ ದುಡಿದರು. 2016ರಲ್ಲಿ ಬಂದ ಅವರ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ಆಡುವವರು ಮಾಡುವುದು ಹೊಲ ಹದಮಾಡುವುದು, ಬಿತ್ತುವುದು, ನೀರು ಹಾಯಿಸುವುದು. 2024ರ ಕೊನೆಯ ಹೊತ್ತಿಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಬರೋನ್‌ಗೆ ಒಲಿದದ್ದು ಎಲ್ಲರಿಗೂ ಒಲಿಯುತ್ತದೆಂದಲ್ಲ. ಆದರೆ ಹೊಲದ ಕೆಲಸವನ್ನು ಕಣ್ಣಾರೆ ಕಂಡು ಬೆಳೆದವರು ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ದಾರಿಖರ್ಚು ಯಾರದು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಕೆಲಸವೇ ಪರಿಚಯ ಹೇಳುತ್ತದೆ ಎನ್ನುವುದು ಅರ್ಧ ಸತ್ಯ. ಆ ಕೆಲಸ ಮಾಡಲು ಒಳ್ಳೆಯ ಕಂಪ್ಯೂಟರ್ ಬೇಕು. ಅದರ ಬೆಲೆ ಹಳ್ಳಿಯ ಎಷ್ಟೋ ಮನೆಗಳ ಹಲವು ತಿಂಗಳ ಗಳಿಕೆ. ಸಮ್ಮೇಳನಗಳಿಗೆ ಪ್ರವೇಶ ಶುಲ್ಕ, ಬಸ್ಸಿನ ಚಾರ್ಜು, ಉಳಿಯಲು ಜಾಗ, ಮನೆಯವರ ಒಪ್ಪಿಗೆ, ಎಲ್ಲಕ್ಕಿಂತ ಮಿಗಿಲಾಗಿ ಬಾಯಿಬಿಟ್ಟು ಮಾತಾಡಲು ಇಂಗ್ಲಿಷಿನ ಧೈರ್ಯ ಬೇಕು. ಬೆಂಗಳೂರಿನಲ್ಲಿ ನಡೆಯುವ ‘ಗ್ಯಾಫೆಕ್ಸ್’ ಸಮ್ಮೇಳನದ ಬಾಗಿಲು ಅಲ್ಲಿನ ಹುಡುಗನಿಗೆ ಒಂದು ಮೆಟ್ರೋ ಪ್ರಯಾಣದಷ್ಟು ದೂರ. ನಂಜನಗೂಡಿನ ಹುಡುಗಿಗೆ ಅದು ಒಂದು ದೊಡ್ಡ ತೀರ್ಮಾನ.

ಇಲ್ಲಿ ಕಾಲೇಜುಗಳು ಮಾಡಬಹುದಾದದ್ದು ಬೇಕಾದಷ್ಟಿದೆ. ಮೈಸೂರಿನಲ್ಲಿ ದೃಶ್ಯಕಲೆ ಕಲಿಸುವ ಕಾವಾ ಇದೆ, ಸಾಲು ಸಾಲು ಎಂಜಿನಿಯರಿಂಗ್ ಕಾಲೇಜುಗಳಿವೆ. ಚಿತ್ರ ಬರೆಯುವವರು ಒಂದು ಕಡೆ, ಪ್ರೋಗ್ರಾಂ ಬರೆಯುವವರು ಇನ್ನೊಂದು ಕಡೆ. ವರ್ಷಕ್ಕೊಮ್ಮೆ ಇವರನ್ನು ಎರಡು ದಿನ ಒಂದೇ ಸಭಾಂಗಣದಲ್ಲಿ ಕೂರಿಸಿ, ಬೆಂಗಳೂರಿನಿಂದ ನಾಲ್ಕು ಜನ ಕಸುಬುದಾರರನ್ನು ಕರೆಸಿ, ಮಕ್ಕಳ ಆಟಗಳನ್ನು ಆಡಿಸಿ ನೋಡಿಸುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ತಪ್ಪು ಹೇಳಿಸಿಕೊಳ್ಳುವುದು ಕನ್ನಡದಲ್ಲೇ ಆದರೆ ಇನ್ನೂ ಒಳ್ಳೆಯದು. ನೀತಿಯ ಕಾಗದದ ಮೇಲಿರುವ 30,000 ಎಂಬ ಅಂಕಿಗೆ ಮೈಸೂರಿನ ಕೆಳಗೂ ಊರುಗಳಿವೆ ಎಂಬುದು ಆಗ ಗೊತ್ತಾದೀತು.

ಅಲ್ಲಿಯವರೆಗೆ ಬದನವಾಳಿನ ಹುಡುಗಿ ಕಾಯುತ್ತ ಕೂರಬೇಕಿಲ್ಲ. ಅವಳ ಊರಿನ ಖಾದಿ ಕೇಂದ್ರದಲ್ಲಿ ಹೆಂಗಸರು ತೆಗೆದ ನೂಲನ್ನು ತೂಗುವಾಗ ಎಳೆ ಸಮನಾಗಿದೆಯೇ, ಬಿಗಿಯಾಗಿದೆಯೇ ಎಂದೇ ನೋಡಬೇಕು. ತೆಗೆದವಳು ಯಾರ ಮಗಳೆಂದು ನೂಲು ಹೇಳುವುದಿಲ್ಲ. ಆಡು-ಹುಲಿಯನ್ನೇ ಮೊಬೈಲಿಗೆ ಇಳಿಸಿ ಅವಳು ನಂಜನಗೂಡಿನ ಬಸ್ಸಿನಲ್ಲಿ ಪಕ್ಕದ ಸೀಟಿನವರ ಕೈಗೆ ಕೊಟ್ಟು ನೋಡಬಹುದು. ಅವರು ಎಲ್ಲಿ ಬೆರಳು ತಡೆದರು, ಎಲ್ಲಿ ನಕ್ಕರು, ಎಲ್ಲಿ ಬೇಸರಪಟ್ಟು ಹಿಂದಕ್ಕೆ ಕೊಟ್ಟರು ಎಂದು ಗುರುತು ಹಾಕಿಕೊಂಡರೆ, ದೊಡ್ಡ ಸ್ಟುಡಿಯೋಗಳು ಸಂಬಳ ಕೊಟ್ಟು ಮಾಡಿಸುವ ಪರೀಕ್ಷೆಯ ಮೊದಲ ಪುಟ ಅವಳ ನೋಟ್‌ಬುಕ್ಕಿನಲ್ಲೇ ಇರುತ್ತದೆ. ಮುಂದಿನ ಕಾಗದದ ಜೊತೆ ಕಳಿಸಲು ಅಷ್ಟು ಸಾಕು.