ಪ್ರಯೋಗವೂ ಉಪಸಂಹಾರವೂ: ಖಾಸಗಿ ರಾಕೆಟ್ಟುಗಳ ಸುರಕ್ಷಾಧಿಕಾರಿಗಳು

ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಅಸ್ತ್ರಗಳನ್ನು ಬಿಡುತ್ತಾರೆ. ಬಿಟ್ಟುದನ್ನು ಹಿಂದಕ್ಕೆ ಸೆಳೆಯುವ ಶಕ್ತಿಯು ಅರ್ಜುನನಿಗೆ ಮಾತ್ರ ಉಂಟು. ಈಗಿನ ರಾಕೆಟ್ಟಿಗಾದರೋ ಅಂತಹ ಉಪಸಂಹಾರವಿಲ್ಲ. ದಾರಿ ತಪ್ಪಿದರೆ ಅದರ ಎಂಜಿನುಗಳನ್ನು ನಿಲ್ಲಿಸಬೇಕು, ಇಲ್ಲವೆ ಅದನ್ನು ಆಕಾಶದಲ್ಲಿಯೇ ಒಡೆಯಬೇಕು. ಈ ನಿರ್ಣಯವು ಯಾರದೆಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

1947ನೆಯ ಮೇ 29ರಂದು ಅಮೆರಿಕಾದ ವೈಟ್ ಸ್ಯಾಂಡ್ಸ್ ಕ್ಷೇತ್ರದಿಂದ ಉತ್ತರಕ್ಕೆ ಹಾರಬೇಕಾಗಿದ್ದ ಸೈನ್ಯದ ರಾಕೆಟ್ಟೊಂದು ದಕ್ಷಿಣಕ್ಕೆ ತಿರುಗಿ, ಮೆಕ್ಸಿಕೋ ದೇಶದ ಹ್ವಾರೆಸ್ ನಗರದ ಬಳಿ ಬಿದ್ದಿತು. ಯಾರೂ ಸಾಯಲಿಲ್ಲ, ಆದರೆ ಕಾವಲಿನ ಅಗತ್ಯವು ಸ್ಪಷ್ಟವಾಯಿತು. 1984ರ ಕಾಯಿದೆಯಿಂದ ಆ ದೇಶದಲ್ಲಿ ಖಾಸಗಿ ಉಡಾವಣೆಗಳಿಗೆ ಸರ್ಕಾರದ ಪರವಾನಗಿಯ ಕ್ರಮವು ಏರ್ಪಟ್ಟಿತು. ಈಗಿನ ನಿಯಮದಂತೆ ಒಂದು ಉಡಾವಣೆಯಿಂದ ಸಾರ್ವಜನಿಕರಿಗೆ ಒದಗಬಹುದಾದ ಪ್ರಾಣಹಾನಿ ಮತ್ತು ತೀವ್ರ ಗಾಯಗಳ ನಿರೀಕ್ಷಿತ ಪ್ರಮಾಣವು 10,000ಕ್ಕೆ 1ನ್ನು ಮೀರಕೂಡದು.

ಇದಕ್ಕಾಗಿ ಎಂಜಿನಿಯರುಗಳು ಮುಂಚೆಯೇ ನಕ್ಷೆಯ ಮೇಲೆ ಎಲ್ಲೆಗಳನ್ನು ಗುರುತಿಸುತ್ತಾರೆ. ಈ ಕ್ಷಣದಲ್ಲಿ ಎಂಜಿನು ನಿಂತರೆ ರಾಕೆಟ್ಟು ಎಲ್ಲಿ ಬಿದ್ದೀತೆಂದು ಹಾರಾಟದುದ್ದಕ್ಕೂ ಗಣಿಸುತ್ತಿರುವರು. ಆ ಸ್ಥಾನವು ಎಲ್ಲೆಯನ್ನು ಮುಟ್ಟಿದೊಡನೆ ನಾಶದ ಆಜ್ಞೆ ಹೊರಡಬೇಕು. ಅವಸರವೂ ತಪ್ಪೇ: ಇಂಧನ ತುಂಬಿದ ರಾಕೆಟ್ಟು ನೆಲದ ಬಳಿ ಬೀಳುವುದಕ್ಕಿಂತ ಕಡಲ ಮೇಲಕ್ಕೆ ಹೋಗಿ ಬೀಳುವುದು ಮೇಲು. 2021ನೆಯ ಆಗಸ್ಟ್ 28ರಂದು ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ ಆಸ್ಟ್ರಾ ಸಂಸ್ಥೆಯ ರಾಕೆಟ್ಟಿನ ಐದು ಎಂಜಿನುಗಳಲ್ಲಿ ಒಂದು ಮೊದಲ ಸೆಕೆಂಡಿನಲ್ಲಿಯೇ ಕೆಟ್ಟಿತು. ರಾಕೆಟ್ಟು ಪಕ್ಕಕ್ಕೆ ಸರಿದು, ಅನಂತರ ಮೇಲೇರಿತು. ಸುಮಾರು ಎರಡೂವರೆ ನಿಮಿಷಗಳ ಬಳಿಕವೇ ಉಳಿದ ಎಂಜಿನುಗಳನ್ನು ನಿಲ್ಲಿಸಲಾಯಿತು.

2017ರ ಫೆಬ್ರವರಿಯಲ್ಲಿ ಫಾಲ್ಕನ್ 9 ರಾಕೆಟ್ಟಿನ ಉಡಾವಣೆಯೊಂದರಲ್ಲಿ ಈ ನಿರ್ಣಯವನ್ನು ರಾಕೆಟ್ಟಿನೊಳಗಣ ಗಣಕಯಂತ್ರಕ್ಕೇ ವಹಿಸಲಾಯಿತು. ಯಂತ್ರವು ಮನುಷ್ಯನಂತೆ ಹಿಂಜರಿಯದು; ಆದರೆ ತನಗೆ ಕೊಟ್ಟ ನಿಯಮದಾಚೆಗೆ ಯೋಚಿಸಲೂ ಆರದು. 2023ನೆಯ ಏಪ್ರಿಲ್ 20ರಂದು ಟೆಕ್ಸಾಸಿನಲ್ಲಿ ಸ್ಟಾರ್‌ಷಿಪ್ ಹತೋಟಿ ತಪ್ಪಿದಾಗ ನಾಶದ ಆಜ್ಞೆಯೇನೋ ಹೊರಟಿತು. ರಾಕೆಟ್ಟು ಒಡೆಯಲು ಮಾತ್ರ ಸುಮಾರು 40 ಸೆಕೆಂಡುಗಳು ಹಿಡಿದವು. ವಿಚಾರಣೆಯ ತರುವಾಯ ಒಟ್ಟು 63 ತಿದ್ದುಪಡಿಗಳು ಗೊತ್ತಾದವು. ಎರಡನೆಯ ಹಾರಾಟವು ನವೆಂಬರ್ 18ರಂದು ನಡೆಯಿತು.

ಇದರಿಂದ ತಿಳಿಯುವುದೇನೆಂದರೆ, ಯಂತ್ರವು ಬಂದಮೇಲೆ ಅಧಿಕಾರಿಯ ಎಚ್ಚರಿಕೆಯು ಅನಾವಶ್ಯಕವಾಗಲಿಲ್ಲ; ಹಾರಾಟದ ಕ್ಷಣದಿಂದ ನಿಯಮರಚನೆಯ ಹಾಗೂ ಪರೀಕ್ಷೆಯ ದಿನಗಳಿಗೆ ಸರಿಯಿತು. ಹಾರಿಸುವವರಿಗೆ ತಡವೆಂದರೆ ನಷ್ಟ. ಕೆಳಗೆ ವಾಸಿಸುವ ಜನರಿಗಾದರೋ ಆ ರಾಕೆಟ್ಟಿನಲ್ಲಿ ಯಾವ ಲಾಭವೂ ಇಲ್ಲದಿರಬಹುದು. ಆದಕಾರಣವೇ ಅಪಾಯದ ಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು ಹಾರಿಸುವವರ ಕೈಗೆ ಬಿಡದೆ, ಬೇರೆಯವರಲ್ಲಿ ಇರಿಸಿರುವುದು.